ಒಂದು ಎನ್ನದ ಅಳಿಯ

ನಮ್ಮ ಅಳಿಯನಿಗೆ ಒಂದು ಎಂದು ಎಣಿಸಲು ಬರುವುದಿಲ್ಲ. ಓದಿದ್ದು ಇಂಜಿನಿಯರಿಂಗ್! ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿದ ನನಗೆ ಬರುತ್ತದೆ, ಅವನಿಗೆ ಬರುವುದಿಲ್ಲ. ಅವನು ನನ್ನ ತಮ್ಮನ ಮಗ, ಕಾಲ ಮೇಲೆ ಹಾಕಿಕೊಂಡು ಎಣ್ಣೆ ನೀರು ಎರೆದಿದ್ದೇನೆ. ಅದಕ್ಕೇ ಅಳಿಯನಾದರೂ ಬಹುವಚನ ಕೊಡುವುದಿಲ್ಲ.

ಕೆಸರೆಯ ನಮ್ಮ ಮನೆಯ ಮಹಡಿಯಲ್ಲಿ ಕುಳಿತು ಅಂಗಡಿಗಳಿಗೆ ಬಿಲ್ಲು ಹಾಕುವ ಸಾಫ್ಟ್‌ವೇರ್ ಮಾಡಿಕೊಡುತ್ತಾನೆ. ಸಂಕ್ರಾಂತಿ ಕಳೆದ ಮೇಲೆ ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ಐವತ್ತು ವರ್ಷ ನನಗೆ ಎದುರಾಡಿದ ಮನುಷ್ಯ ಈಗ ಎಲ್ಲಕ್ಕೂ "ಬಾ ಬಾ" ಅನ್ನುತ್ತಾರೆ. ನೀರು ಬೇಕೋ, ಮಗ್ಗುಲು ತಿರುಗಿಸಬೇಕೋ ತಿಳಿಯದೆ ನಾನು ರೇಗುತ್ತೇನೆ. ಅವರು ಗೋಡೆ ಕಡೆ ಮುಖ ಮಾಡುತ್ತಾರೆ. ಅದನ್ನು ನೋಡಲಾರದೆ ಅಳಿಯ ಅವರಿಗಾಗಿಯೇ ಒಂದು ಸಾಫ್ಟ್‌ವೇರ್ ಮಾಡಿದ. ಚಿತ್ರ ಒತ್ತಿದರೆ ಫೋನೇ ಮಾತಾಡುತ್ತದೆ: ನೀರು, ಊಟ, ನೋವು, ಬಚ್ಚಲು, ಸಾಕು.

ಯುಗಾದಿಗೇ ಮುಗಿಯಿತು. ಕೊಡಬೇಕಲ್ಲ? ಕೊಡಲಿಲ್ಲ!

"ಇನ್ನೂ ಸೊನ್ನೆ ಪಾಯಿಂಟ್ ಒಂಬತ್ತು, ಅತ್ತೆ. ಸಾಫ್ಟ್‌ವೇರ್ ಪೂರ್ತಿ ಆಗಿ ಒಂದು ಅಂತ ನಂಬರ್ ಬಿದ್ಮೇಲೇ ಕೈಗೆ ಕೊಡೋದು."

"ಹಂಗಾದ್ರೆ ಒಂದು ಅಂತ ಹಾಕೋ."

"ಒಂಬತ್ತಾದ್ಮೇಲೆ ಹತ್ತು ಕಣತ್ತೆ."

ಸೊನ್ನೆ ಪಾಯಿಂಟ್ ಹತ್ತು ಬಂತು, ಹನ್ನೊಂದು ಬಂತು, ಹದಿನೇಳೂ ಬಂತು. ಹದಿನೆಂಟರಲ್ಲಿ ಎಂಟಿದೆ, ಎಂಟು ಶನಿಯದು ಎಂದು ಅದನ್ನು ಮಾತ್ರ ಹಾರಿಸಿ ಹತ್ತೊಂಬತ್ತಕ್ಕೆ ಹೋದ. ಶನಿಗೆ ಅಷ್ಟೂ ಎಣಿಸಲು ಬರುವುದಿಲ್ಲವೇ?

ದಿನ ಗೊತ್ತು ಮಾಡುವುದೂ ಹೀಗೆಯೇ. ಮಂಗಳವಾರ ಬೇಡ. ಬುಧವಾರ ಮಾವನಿಗೆ ಚಂದ್ರಬಲವಿಲ್ಲ. ಗುರುವಾರ ಕರೆಂಟಿಲ್ಲ. ಶುಕ್ರವಾರ ಬಿಡುಗಡೆ ಮಾಡಿದರೆ, ಏನಾದರೂ ಕೆಟ್ಟಾಗ ರಿಪೇರಿಗೆ ಶನಿವಾರ ಯಾರೂ ಸಿಗುವುದಿಲ್ಲವಂತೆ. ಇರುವವನೇ ಇವನೊಬ್ಬ! ಶನಿವಾರ ಇವನು ಎಲ್ಲಿಗೆ ಹೋಗಿರುತ್ತಾನೆ?

ಅಷ್ಟರಲ್ಲಿ ಆಷಾಢ ಬಂತು. "ಶ್ರಾವಣ ಬರ್ಲಿ" ಎಂದ. ಯಜಮಾನರ ಎಡಗೈಯೂ ನಡುಗಲು ಶುರುವಾಗಿತ್ತು. ಚಿತ್ರ ಒತ್ತಲು ಆ ಬೆರಳೂ ಬಾರದೆ ಹೋದರೆ? ಒಂದು ಮಧ್ಯಾಹ್ನ ಮಹಡಿ ಹತ್ತಿದೆ. ನನ್ನ ಮಂಡಿಗೆ ಆ ಹದಿನಾರು ಮೆಟ್ಟಿಲೇ ಕಾಶಿಯಾತ್ರೆ.

"ಲೋ, ನಿಂಗೆ ಭಯ ಯಾರದ್ದೋ? ಶನಿದೋ, ನಂದೋ?"

ಅವನು ಕಂಪ್ಯೂಟರ್ ಕಡೆಯೇ ನೋಡುತ್ತಾ ಹೇಳಿದ: "ಮಾತು ವಾಪಸ್ ಬಂದ್ರೂ ಬರ್ಬೋದು ಅಂದಿದ್ರಲ್ಲ ಡಾಕ್ಟ್ರು. ಒಂದು ಅಂತ ಹಾಕ್ಬುಟ್ರೆ, ಮಾವ ಇನ್ನ ಮಾತಾಡಲ್ಲ ಅಂತ ನಾನೇ ಬರ್ಕೊಟ್ಟಂಗೆ ಕಣತ್ತೆ."

ಬೈಯಲು ಹೋದವಳಿಗೆ ಹಳೆಯದೊಂದು ನೆನಪಾಯಿತು. ನಮ್ಮಮ್ಮ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ. ಲಾಭ ಎನ್ನುತ್ತಿದ್ದಳು, ಆಮೇಲೆ ಎರಡು, ಮೂರು.

"ಒಂದು ಅನ್ಬೇಡ. ಲಾಭ ಅಂತ ಬರಿ. ಅವರಿಗೆ ಮಾತು ಬಂದ ದಿವ್ಸ ಆ ಫೋನ್ನ ನಾನೇ ಒಲೆಗೆ ಹಾಕ್ತೀನಿ."

ಮಂಗಳವಾರ, ಆಷಾಢ, ಸಾಲದ್ದಕ್ಕೆ ರಾಹುಕಾಲ. ಲಾಭ ಎಂದೇ ಬರೆದು, ಕೆಳಗಿಳಿದು ಬಂದು ಫೋನನ್ನು ಮಾವನ ಎಡಗೈಗೆ ಕೊಟ್ಟ. ಕೊಟ್ಟವನೇ ಬಾಗಿಲ ಬಳಿ ಹೋಗಿ ನಿಂತ. ಯಜಮಾನರು ಬಹಳ ಹೊತ್ತು ಹುಡುಕಿ ಬೆರಳಿಟ್ಟರು.

"ನೀರು" ಎಂದಿತು ಫೋನು.

ಓಡಿ ಲೋಟ ತಂದು ಬಾಯಿಗೆ ಹಿಡಿದೆ. ತಲೆ ಆಚೆ ತಿರುಗಿಸಿದರು.

"ಏನ್ರೀ ಇದು, ಬೇಕು ಅಂತೀರ, ಬೇಡ ಅಂತೀರ!"

ಮತ್ತೆ ಒತ್ತಿದರು. "ನೀರು." ಆಮೇಲೆ ಆ ನಡುಗುವ ಬೆರಳನ್ನು ಕಷ್ಟಪಟ್ಟು ಎತ್ತಿ, ಬಾಗಿಲಿಗೆ ಒರಗಿ ಬಿಕ್ಕುತ್ತಿದ್ದ ಅಳಿಯನ ಕಡೆ ತೋರಿಸಿದರು.