ಗೋಡೆಯ ಮೇಲಿನ ಪುಟ್ಟಮಾವ

ಖಾಲಿ ಗೋಡೆಯನ್ನು ಕಂಡರೆ ನಮ್ಮ ಜನಕ್ಕೆ ತಡೆಯಲಾಗುವುದಿಲ್ಲ. ಬಳಿದ ಸುಣ್ಣ ಇನ್ನೂ ಒಣಗಿರುವುದಿಲ್ಲ, ಅಷ್ಟರಲ್ಲಿ ಯಾರೋ ಒಂದು ಮೊಳೆ ಹೊಡೆದಿರುತ್ತಾರೆ. ಮೊಳೆ ಇದ್ದ ಮೇಲೆ ಅದಕ್ಕೆ ಏನಾದರೂ ತಗುಲಿಹಾಕಬೇಕಲ್ಲ, ಹಾಗಾಗಿ ಕ್ಯಾಲೆಂಡರ್ ಬರುತ್ತದೆ. ವರ್ಷ ಮುಗಿದರೂ ಅದರಲ್ಲಿ ಲಕ್ಷ್ಮಿಯ ಚಿತ್ರ ಇರುವುದರಿಂದ ಕೀಳುವಂತಿಲ್ಲ. ಹೊಸ ಕ್ಯಾಲೆಂಡರಿಗೆ ಹೊಸ ಮೊಳೆ. ವಿಜಯನಗರದ ನನ್ನ ಮನೆಯ ಹಾಲಿನಲ್ಲೂ ಹೀಗೆ ಬೆಳೆದ ಸಂಸಾರವೊಂದಿತ್ತು. ಹೋದ ತಿಂಗಳು ಮೊಮ್ಮಗಳು ಸಿಂಚನಾ ಅದನ್ನೆಲ್ಲ ಒಂದೇ ದಿನದಲ್ಲಿ ಒಕ್ಕಲೆಬ್ಬಿಸಿದಳು. ಅವಳು ಇಂಟೀರಿಯರ್ ಡಿಸೈನ್ ಡಿಗ್ರಿ ಓದುತ್ತಿದ್ದಾಳೆ. ಟೇಪು ಹಿಡಿದು ನನ್ನನ್ನು ಸೇರಿಸಿ ಎಲ್ಲವನ್ನೂ ಅಳೆದಳು. ನಾನು ಏನೋ ಹೇಳಲು ಹೋದರೆ, "ಅಜ್ಜಿ, ಇದೆಲ್ಲ ಹೊಸ ಸಬ್ಜೆಕ್ಟು, ನಿಮಗೆ ಗೊತ್ತಾಗಲ್ಲ ಬಿಡಿ" ಅಂದಳು. ನನಗೆ ಮೂಗಿನ ತುದಿಗೆ ಕೋಪ ಬಂತು. ನಾನು ಇದನ್ನು ಓದಿ ಡಿಗ್ರಿ ತಗೊಂಡಾಗ ಇವಳ ಅಪ್ಪನೇ ಹುಟ್ಟಿರಲಿಲ್ಲ. ಅಷ್ಟೇ ಅಲ್ಲ, ಆ ಡಿಗ್ರಿಗೋಸ್ಕರ ನಮ್ಮ ಪುಟ್ಟಮಾವ ಒಂದು ಸಲ ಸಾಯಬೇಕಾಗಿ ಬಂದಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವಿದ್ದದ್ದು ಲಕ್ಷ್ಮೀಪುರದ ಬಾಡಿಗೆ ಮನೆಯಲ್ಲಿ. ಅಪ್ಪ ಹಳ್ಳಿಯ ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಬಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ನಾನು ಹುಡುಗಿಯರ ಕಾಲೇಜಿನಲ್ಲಿ ಗೃಹವಿಜ್ಞಾನದ ಪದವಿಗೆ ಸೇರಿದ್ದೆ. ಅಡಿಗೆ, ಹೊಲಿಗೆ, ಮಕ್ಕಳ ಪೋಷಣೆ ಎಲ್ಲ ಇದ್ದರೂ ನನ್ನ ಜೀವ ಇದ್ದದ್ದು ಗೃಹಾಲಂಕಾರ ಎಂಬ ವಿಷಯದಲ್ಲಿ. ಯಾವ ಬಣ್ಣದ ಪಕ್ಕ ಯಾವ ಬಣ್ಣ, ಕುರ್ಚಿ ಎಲ್ಲಿರಬೇಕು, ಕಣ್ಣು ಮೊದಲು ಎಲ್ಲಿ ಹೋಗಬೇಕು, ಇವನ್ನೆಲ್ಲ ಒಬ್ಬರು ಪಾಠ ಮಾಡಿ ವಿಶ್ವವಿದ್ಯಾನಿಲಯ ಅದಕ್ಕೆ ಪದವಿ ಕೊಡುತ್ತದೆ ಎಂಬುದೇ ನನಗೊಂದು ದೊಡ್ಡ ಸಡಗರ. ಸಂಜೆ ಕಾಲೇಜಿನಿಂದ ನಡೆದು ಬರುವಾಗ ದೀಪ ಹಚ್ಚಿದ ಮನೆಗಳ ಕಿಟಕಿಯೊಳಗೆ ಇಣುಕುತ್ತ ಬರುತ್ತಿದ್ದೆ. ಯಾರದೋ ಮನೆಯ ಕಾಫಿಬೀಜ ಹುರಿಯುವ ವಾಸನೆ, ಇನ್ಯಾರದೋ ಮನೆಯ ರೇಡಿಯೋ. ನಾನು ಮನಸ್ಸಿನಲ್ಲೇ ಅವರೆಲ್ಲರ ಬೀರುಗಳನ್ನು ಎಳೆದಾಡಿ ಜೋಡಿಸುತ್ತಿದ್ದೆ. ಅಷ್ಟು ಸುಖವಾಗಿ ಆಮೇಲೆ ನಾನು ಯಾವ ರಸ್ತೆಯಲ್ಲೂ ನಡೆದಿಲ್ಲ.

ಅಪ್ಪನಿಗೆ ಮಾತ್ರ ಇದು ಬಿಲ್‌ಕುಲ್ ಹಿಡಿಸಿರಲಿಲ್ಲ. "ಮನೆ ಜೋಡ್ಸೋಕೂ ಒಂದು ಡಿಗ್ರೀನಾ? ನಿಮ್ಮವ್ವ ಯಾವ ಕಾಲೇಜಿಗೆ ಹೋಗಿದ್ಲು? ಸೌಟು ಸೌಟಿನ ಜಾಗದಲ್ಲೇ ಐತಲ್ಲ!" ಎನ್ನುತ್ತಿದ್ದರು. ನನ್ನ ಪರವಾಗಿ ಇದ್ದವನು ಅವ್ವನ ತಮ್ಮ ಪುಟ್ಟಮಾವ ಒಬ್ಬನೇ. ನಂಜನಗೂಡಿನ ಕಡೆ ಬೇಸಾಯ. ಹೆಸರಿಗೆ ಪುಟ್ಟ, ಬಾಗಿಲಲ್ಲಿ ನಿಂತರೆ ಹಾಲಿಗೆ ಬೆಳಕು ಬರುತ್ತಿರಲಿಲ್ಲ. ಕಾಲೇಜು ಎಂದರೇನೆಂದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ, ಆದರೆ ನಾನು ಅಲ್ಲಿಗೆ ಹೋಗುತ್ತೇನೆ ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತಿದ್ದ. "ಜಯವ್ವ ಓದ್ಲಿ ಬುಡಿ ಬಾವ. ನಮ್ಮ ಕಡೆ ಕಾಲೇಜ್ ಮೆಟ್ಲು ಅತ್ತಿದ ಎಣ್ಮಗ ಇವ್ಳೊಬ್ಳೇಯ" ಎಂದು ಅವನು ಪ್ರತಿವರ್ಷ ಬಂದು ವಾದ ಮಾಡಿದ ಮೇಲೆ ಅಪ್ಪ ಫೀಸು ಕಟ್ಟುತ್ತಿದ್ದರು. ಎರಡನೆಯ ವರ್ಷದ ಹೊತ್ತಿಗೆ ಮಂಡ್ಯದಿಂದ ಒಂದು ಗಂಡು ಬಂದಿತು. ಅಪ್ಪ ಅಡ್ಡಗೋಡೆಯ ಮೇಲೆ ದೀಪ ಇಡುವವರಲ್ಲ, ನೇರವಾಗಿ ಹೇಳಿಬಿಟ್ಟರು: "ನಿಮ್ಮ ಮೇಡಂ ಮನೆ ನೋಡೋಕೆ ಬರ್ತಾರೆ ಅಂದ್ಯಲ್ಲ, ಅವರು ನೋಡಿ ಭೇಷ್ ಅಂದ್ರೆ ಕೊನೇ ವರ್ಷ ಓದು. ಮುಖ ಸಿಂಡರಿಸಿದ್ರೋ, ನಾನು ಮಂಡ್ಯಕ್ಕೆ ಹೂಂ ಅಂತೀನಿ."

ಈ ಮನೆ ನೋಡುವ ವಿಚಾರ ಏನೆಂದರೆ, ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತನ್ನ ಮನೆಯ ಒಂದು ಕೋಣೆಯನ್ನು ಪಾಠದ ಪ್ರಕಾರ ಜೋಡಿಸಬೇಕು, ಮೇಡಂ ಮನೆಗೇ ಬಂದು ನೋಡಿ ಅಂಕ ಕೊಡುತ್ತಾರೆ. ಪಾಠದ ಪುಸ್ತಕ ಬಂದದ್ದು ಮಾತ್ರ ಯಾವುದೋ ಹಿಮ ಬೀಳುವ ದೇಶದಿಂದ. ಅದರ ಪ್ರಕಾರ ಹಾಲಿನ ಕೇಂದ್ರಬಿಂದು ಎಂದರೆ ಅಗ್ಗಿಷ್ಟಿಕೆ. ಸೋಫಾ, ಕುರ್ಚಿ, ಕಂಬಳಿ, ನಾಯಿ ಎಲ್ಲವೂ ಅದಕ್ಕೆ ಮುಖ ಮಾಡಿರಬೇಕು. ನಮ್ಮ ಮನೆಯಲ್ಲಿ ಅಗ್ಗಿಷ್ಟಿಕೆ ಎಲ್ಲಿಂದ ತರುವುದು ಎಂದು ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದರೆ ಅವ್ವ, "ಬಚ್ಚಲ ಒಲೆ ಐತಲ್ಲವ್ವ, ಅದುನ್ನೇ ತೋರ್ಸು" ಅಂದಳು. ಇನ್ನು ಹಾಲಿನ ಸ್ಥಿತಿ. ಒಂದು ಬೆಂಚು, ಎರಡು ಕಬ್ಬಿಣದ ಟ್ರಂಕು, ಅಪ್ಪನ ಆರಾಮಕುರ್ಚಿ, ಮೂಲೆಯಲ್ಲಿ ಪುಟ್ಟಮಾವ ಊರಿಂದ ತಂದು ನಿಲ್ಲಿಸಿದ ರಾಗಿ ಮೂಟೆಗಳು. ಗೋಡೆಯ ಮೇಲೆ ಸೂರಿನ ಕೆಳಗೆ ಸುತ್ತಲೂ ದೇವರುಗಳು, ಮಹಾರಾಜರು, ಅಪ್ಪನ ಆಫೀಸಿನ ಗುಂಪು ಫೋಟೋ, ಎಲ್ಲರೂ ಮುಂದಕ್ಕೆ ಬಾಗಿ ನಮ್ಮ ಊಟದ ತಟ್ಟೆಯನ್ನೇ ನೋಡುತ್ತಿರುವ ಹಾಗೆ.

ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ರಾಗಿ ಮೂಟೆಗಳನ್ನು ಸಾಲಾಗಿ ಮಲಗಿಸಿ ಮೇಲೆ ಜಮಖಾನ ಹಾಸಿ, ದಿಂಬು ಒರಗಿಸಿ ದಿವಾನ್ ಮಾಡಿದೆ. ದೇವರುಗಳನ್ನು ದೇವರ ಮನೆಗೆ ಕಳಿಸಿದೆ. ಅಗ್ಗಿಷ್ಟಿಕೆಯ ಬದಲು ಎದುರು ಗೋಡೆಯನ್ನೇ ಕೇಂದ್ರಬಿಂದು ಮಾಡುವುದೆಂದು ತೀರ್ಮಾನಿಸಿ ಅಲ್ಲಿ ತಾತನ ಮತ್ತು ಅಜ್ಜಿಯ ಫೋಟೋ ಮಾತ್ರ ಉಳಿಸಿದೆ. ಆದರೆ ಎರಡೇ ಇದ್ದರೆ ಜಗಳವಾಡಿಕೊಂಡ ಗಂಡ ಹೆಂಡಿರ ಹಾಗೆ ಕಾಣುತ್ತಿತ್ತು. ಮೂರು ಇದ್ದರೆ ಕಣ್ಣಿಗೆ ಹಿತ ಎಂದು ಮೇಡಂ ಹೇಳಿದ್ದರು. ಅದೇ ಅಳತೆಯ ಕಟ್ಟು ಹಾಕಿದ ಮೂರನೆಯ ಫೋಟೋ ಮನೆಯಲ್ಲಿ ಒಂದೇ ಒಂದಿತ್ತು, ಪುಟ್ಟಮಾವನದು. ದಸರಾಕ್ಕೆ ಬಂದಾಗ ಸ್ಟುಡಿಯೋದವರ ಕೋಟು ತೊಟ್ಟು, ಜರಿಪೇಟ ಸುತ್ತಿ, ಕಾಗದದ ಹೂವಿನ ಕುಂಡದ ಮೇಲೆ ಕೈಯಿಟ್ಟು ತೆಗೆಸಿಕೊಂಡದ್ದು. ಕಟ್ಟು ಹಾಕಿಸಿ ತಾನೇ ತಂದುಕೊಟ್ಟಿದ್ದ. ಅಪ್ಪ ಅದನ್ನು ಅಡಿಗೆಮನೆಯ ಬಾಗಿಲ ಹಿಂದೆ ತಗುಲಿಹಾಕಿದ್ದರು. ಬಾಗಿಲು ತೆರೆದಾಗಲೆಲ್ಲ ಮಾವ ಮರೆಯಾಗುತ್ತಿದ್ದ, ಅದು ಅವನಿಗೆ ಬಹಳ ದಿನದ ನೋವು. ನಾನು ಅವನನ್ನು ತಂದು ತಾತ ಅಜ್ಜಿಯರ ನಡುವೆ ನಿಲ್ಲಿಸಿದೆ. ಗೋಡೆ ನಕ್ಕ ಹಾಗಾಯಿತು. ಮಾವನಿಗೂ ಸಂತೋಷವಾಗುತ್ತದೆ ಎಂದು ಹಿಗ್ಗಿದೆ.

ಮೇಡಂ ಬರುವುದು ಶುಕ್ರವಾರ ಎಂದು ಗೊತ್ತಾಯಿತು. ನಮ್ಮ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ ಹೂವಿನವಳು ಬಂದ ಕೂಡಲೇ ತಾತ ಅಜ್ಜಿಯರ ಫೋಟೋಗಳಿಗೆ ಮಲ್ಲಿಗೆ ಹಾರ ಹಾಕಿ, ಗಾಜಿನ ಮೇಲೆ ಕುಂಕುಮ ಇಟ್ಟು ಕೈಮುಗಿಯುವುದು ರೂಢಿ. ಬದುಕಿರುವವರ ಫೋಟೋದ ಹತ್ತಿರ ಒಂದು ಎಸಳು ಹೂವೂ ಸುಳಿಯಬಾರದು, ಅದು ಎಳೆ ಮಕ್ಕಳಿಗೂ ಗೊತ್ತು. ಈ ಪೂಜೆ ಎಂದೂ ಅವ್ವನದೇ. ಅವತ್ತು ಅವ್ವ ಮೇಡಮ್ಮಿಗೆಂದು ವಡೆ ಕರಿಯುತ್ತಿದ್ದಳು. ನಾನು ಕೊನೆಯ ಗಳಿಗೆಯಲ್ಲಿ ಬೆಂಚಿನ ಕಾಲು ಒರೆಸುತ್ತಿದ್ದೆ. "ಈ ಒಂದ್ ದಿನ ನೀವೇ ಹೂ ಹಾಕ್ಬುಡಿ" ಎಂದು ಅವ್ವ ಒಳಗಿನಿಂದ ಕೂಗಿದಳು. ಅಪ್ಪ ಮಿಂದು ಬಂದರು. ಅವರ ಕನ್ನಡಕ ಆಫೀಸಿನ ಕಡತಗಳಿಗೆ ಮೀಸಲು, ದೇವರ ಕೆಲಸಕ್ಕೆ ಅವರು ಅದನ್ನು ಹಾಕಿದವರಲ್ಲ. ಅದೂ ಅಲ್ಲದೆ ಅರ್ಧ ಕಣ್ಣು ಮುಚ್ಚಿಕೊಂಡು ಪೂಜೆ ಮಾಡುವವರು. ಹೂವಿನವಳು ಯಾವತ್ತಿನಂತೆ ಕೊಸರು ಸೇರಿಸಿ ಕೊಟ್ಟಿದ್ದಳು, ಹಾರಕ್ಕೆ ಕೊರತೆ ಇರಲಿಲ್ಲ. ಗೋಡೆಯ ಮೇಲೆ ಕಟ್ಟು ಕಂಡಷ್ಟು ಕಡೆಗೂ ಹಾರ ಹಾಕಿ, ಕುಂಕುಮ ಇಟ್ಟು, ಭಕ್ತಿಯಿಂದ ನಮಸ್ಕಾರ ಮಾಡಿ, ಕೋಟು ತೊಡಲು ಒಳಗೆ ಹೋದರು. ನನ್ನ ತಲೆ ಬೆಂಚಿನ ಕೆಳಗಿತ್ತು. ಅಷ್ಟರಲ್ಲಿ ಹೊರಗೆ ಜಟಕಾ ನಿಂತ ಸದ್ದಾಯಿತು, ನಾನು ಕೈ ಒರೆಸಿಕೊಂಡು ಬಾಗಿಲಿಗೆ ಓಡಿದೆ.

ಮೇಡಂ ಒಳಗೆ ಬಂದು ಸುತ್ತ ನೋಡಿದರು. ಮುಖದಲ್ಲಿ ಮೆಚ್ಚುಗೆ ಮೂಡಿತು. ರಾಗಿಯ ದಿವಾನಿನ ಮೇಲೆ ಕೂತು ಕೈಯಿಂದ ಒತ್ತಿ, "ಗಟ್ಟಿಯಾಗಿದೆ, ಒಳಗೇನು ತುಂಬಿದ್ದೀರಿ?" ಎಂದರು. ನಾನು ಬಾಯಿ ತೆರೆಯುವ ಮುಂಚೆಯೇ ಅವರ ಕಣ್ಣು ಎದುರು ಗೋಡೆಗೆ ಹೋಯಿತು. ಎದ್ದು ನಿಂತು ಕೈಮುಗಿದರು. ನಾನು ಗೋಡೆಗೆ ಬೆನ್ನು ತಿರುಗಿಸಿ ನಿಂತಿದ್ದವಳು, ಮಾಮೂಲಾಗಿ, "ನಮ್ಮ ತಾತ, ಅಜ್ಜಿ ಮೇಡಂ" ಎಂದೆ.

"ಮಧ್ಯದವರು? ಪಾಪ, ಇಷ್ಟು ಚಿಕ್ಕ ವಯಸ್ಸು... ಏನಾಗಿತ್ತಮ್ಮ ಅವರಿಗೆ?"

ನಾನು ತಿರುಗಿ ನೋಡಿದೆ. ಜರಿಪೇಟದ ಪುಟ್ಟಮಾವ ಕೊರಳ ತುಂಬ ಮಲ್ಲಿಗೆ, ಹಣೆಗೆ ಕುಂಕುಮ ಧರಿಸಿ ಸ್ವರ್ಗದಿಂದ ನೋಡುತ್ತಿದ್ದ. ಅದೇ ಹೊತ್ತಿಗೆ ಹಿತ್ತಿಲ ಬಾಗಿಲಿಂದ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಒಬ್ಬರು ಬಂದರು. ಸೋದರಸೊಸೆಯ ಪರೀಕ್ಷೆ ನೋಡಲೆಂದೇ ಬೆಳಗಿನ ಬಸ್ಸಿಗೆ ಬಂದು ಬಾವಿಕಟ್ಟೆಯಲ್ಲಿ ಕೈಕಾಲು ತೊಳೆಯುತ್ತಿದ್ದ ಪುಟ್ಟಮಾವ. ಫೋಟೋ ಇನ್ನೂ ನೋಡಿರಲಿಲ್ಲ, ಮೇಡಮ್ಮಿನ ಕೊನೆಯ ಮಾತಷ್ಟೇ ಕಿವಿಗೆ ಬಿದ್ದಿತ್ತು.

"ಏನೂ ಆಗಿಲ್ಲ ಕಣವ್ವ, ಚೆನ್ನಾಗೇ ಇವ್ನಿ" ಎಂದ.

ಮೇಡಂ ಗೋಡೆಯನ್ನೂ ಮಾವನನ್ನೂ ಒಂದರ ನಂತರ ಒಂದು ನೋಡಿ ಮತ್ತೆ ಮೂಟೆಯ ಮೇಲೆ ಕುಸಿದು ಕೂತರು. ಮಾವ ಅವರ ನೋಟ ಹಿಡಿದು ತಲೆಯೆತ್ತಿದ. ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಬಿಳಿಚಿಕೊಂಡಿದ್ದನ್ನು ನಾನು ಅವತ್ತೇ ನೋಡಿದ್ದು. ವಡೆಯ ತಟ್ಟೆ ಹಿಡಿದು ಬಂದ ಅವ್ವ, "ಅಯ್ಯೋ ನನ್ನ ತಮ್ಮ!" ಎಂದು ತಟ್ಟೆ ಕೈಬಿಟ್ಟು ತಮ್ಮನನ್ನೇ ತಬ್ಬಿಕೊಂಡು ತಮ್ಮನಿಗಾಗಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡವಳೇ ಉಪ್ಪು ಮೆಣಸಿನಕಾಯಿ ತಂದು ಮೇಡಮ್ಮಿನ ಎದುರೇ ಅವನಿಗೆ ನಿವಾಳಿಸಿ ಬಚ್ಚಲ ಒಲೆಗೆ ಸುರಿದಳು. ಘಾಟು ಹಾಲಿಗೆ ನುಗ್ಗಿತು. ಎಲ್ಲರೂ ಕೆಮ್ಮಿದರು. ಪುಸ್ತಕದಲ್ಲಿ ಹೇಳಿದ ಪ್ರಕಾರ ಕಡೆಗೂ ಇಡೀ ಹಾಲು ಒಂದು ಒಲೆಯ ಕಡೆಗೆ ಮುಖ ಮಾಡಿತು.

ಗಲಾಟೆ ಕೇಳಿ ಅಪ್ಪ ಕೋಟಿನ ಒಂದು ತೋಳು ಮಾತ್ರ ತೊಟ್ಟು ಬಂದರು. ವಿಷಯ ತಿಳಿದು ಅವರ ಮುಖ ಹುಳ್ಳಗಾಯಿತು. "ಕನ್ನಡಕ ಹಾಕ್ಕೊಂಡಿರ್ಲಿಲ್ಲ ಪುಟ್ಟ" ಎಂದು ಗೊಣಗಿದರು.

"ಕನ್ನಡ್ಕ ಕಡತಕ್ಕೆ, ಬಾಮೈದಂಗೆ ಬರಿಗಣ್ಣಾ ಬಾವ?" ಎಂದ ಮಾವ. ಅವನು ಈಗ ಟವಲು ಕೊಡವಿ ಬಸ್‌ಸ್ಟ್ಯಾಂಡಿಗೆ ಹೊರಟುಬಿಟ್ಟರೆ ಈ ಮನೆಯಲ್ಲಿ ನನ್ನ ಪರ ಮಾತಾಡುವವರೇ ಇಲ್ಲ ಎಂದು ಹೆದರಿದೆ. "ಮಾವ, ಮೂರು ಇದ್ರೆ ಚೆಂದ ಅಂತ ನಾನೇ ಅಲ್ಲಿ ಹಾಕಿದ್ದು, ಬಾಗಿಲ ಹಿಂದೆ ನೀವು ಕಾಣ್ತಾನೇ ಇರ್ಲಿಲ್ಲ..." ಎನ್ನುವಷ್ಟರಲ್ಲಿ ಅಳು ಬಂತು. ಮಾವ ನನ್ನನ್ನು ನೋಡಿದ, ಗೋಡೆ ನೋಡಿದ, ತಾನು ಎಂಥ ಜಾಗದಲ್ಲಿ ಕೂತಿದ್ದೇನೆಂದು ಬಹಳ ಹೊತ್ತು ನೋಡಿದ. ಮೆಲ್ಲಗೆ ಅವನ ಮೀಸೆ ಅಲುಗಿತು.

"ಸರಿ ಬಾವ. ಆರ ಹಾಕಿದ್ದೀರಿ, ಕುಂಕ್ಮ ಇಟ್ಟಿದ್ದೀರಿ. ಇನ್ಮೇಕೆ ಸತ್ತೋನ ಮಾತು ನೀವು ಮೀರಂಗಿಲ್ಲ. ನನ್ನ ಕೊನೇ ಆಸೆ ಏನಪ್ಪಾ ಅಂದ್ರೆ, ಜಯವ್ವ ಓದು ಮುಗಿಸ್ಬೇಕು. ಮಂಡ್ಯದೋರ್ಗೆ ಕಾಗ್ದ ಆಕ್ಬುಡಿ, ಎಣ್ಣು ಓದ್ತಾ ಅವ್ಳೆ ಅಂತ."

ಅಪ್ಪ ಮೇಡಮ್ಮಿನ ಕಡೆ ನೋಡಿದರು. ಅವರು ಮೆಣಸಿನಕಾಯಿ ಘಾಟಿಗೋ ಬೇರೇನಕ್ಕೋ ತುಂಬಿದ ಕಣ್ಣು ಒರೆಸಿಕೊಳ್ಳುತ್ತ, "ಕೇಂದ್ರಬಿಂದು ಅಂದರೆ ಹೀಗಿರಬೇಕು. ನಾನು ಬಂದಾಗಿನಿಂದ ಮನೆಯವರು ಯಾರೂ ಬೇರೆ ಕಡೆ ನೋಡಿಯೇ ಇಲ್ಲ" ಎಂದರು. ಅಪ್ಪ ಕೋಟಿನ ಎರಡನೆಯ ತೋಳು ತೊಟ್ಟು, "ಆಯ್ತು, ಓದ್ಲಿ" ಎಂದು ಆಫೀಸಿಗೆ ಹೋದರು. ಕನ್ನಡಕ ಮನೆಯಲ್ಲೇ ಬಿಟ್ಟು ಹೋಗಿದ್ದರು.

ಮಾವ ಆ ಫೋಟೋವನ್ನು ಅಲ್ಲಿಂದ ತೆಗೆಯಲು ಬಿಡಲಿಲ್ಲ. ಬಂದಾಗಲೆಲ್ಲ ಮೊದಲು ಅದರ ಮುಂದೆ ನಿಂತು, "ಇವತ್ತು ಎಂಗಿವ್ನಿ?" ಎಂದು ಕೇಳುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಘಟಿಕೋತ್ಸವದ ದಿನ ನನ್ನ ಗೌನಿನ ಅಂಚು ಹಿಡಿದು ನೋಡಿ, ತಾನು ಕೋಟು ತೊಟ್ಟಿದ್ದ ಸ್ಟುಡಿಯೋಕ್ಕೇ ನನ್ನನ್ನು ಕರೆದುಕೊಂಡು ಹೋಗಿ ಫೋಟೋ ತೆಗೆಸಿದ, ತನ್ನದರಷ್ಟೇ ಅಳತೆಯ ಕಟ್ಟು ಹಾಕಿಸಿದ. ಎಷ್ಟೋ ವರ್ಷಗಳ ಮೇಲೆ ಅವನು ನಿಜವಾಗಿ ಹೋದಾಗ ಅವ್ವನ ಕೈ ಏಳಲಿಲ್ಲ. ಅಪ್ಪನೇ ಎದ್ದರು. ಕನ್ನಡಕ ಹಾಕಿಕೊಂಡು, ಹತ್ತಿರ ಹೋಗಿ ಚೆನ್ನಾಗಿ ನೋಡಿ, ಆಮೇಲೆ ಹಾರ ಹಾಕಿದರು.

ಇಷ್ಟೂ ಕಥೆ ಕೇಳಿ ಸಿಂಚನಾ ನಕ್ಕೂ ನಕ್ಕೂ ಸುಸ್ತಾದಳು. ನನ್ನ ಡಿಗ್ರಿಯ ಬಗ್ಗೆ ಅವಳಿಗೆ ತುಸು ಗೌರವವೂ ಬಂದಿರಬೇಕು, ಖಾಲಿ ಮಾಡಿದ ಗೋಡೆಯ ಮೇಲೆ ಒಂದು ಕಡೆ ಅಪ್ಪ, ಇನ್ನೊಂದು ಕಡೆ ಪುಟ್ಟಮಾವ, ನಡುವೆ ಗೌನು ತೊಟ್ಟ ನನ್ನನ್ನು ತೂಗುಹಾಕಿದಳು. ಅಳತೆ ಸರಿಹೋಯಿತು. ನಾನೂ ತಲೆದೂಗಿದೆ. ಈ ಮನೆಯಲ್ಲಿ ಶುಕ್ರವಾರದ ಹೂವಿನ ಕೆಲಸ ನನ್ನದು. ಮೊನ್ನೆ ಬೆಳಿಗ್ಗೆ ಮಿಂದು, ಮಲ್ಲಿಗೆ ಹಾಕಿ, ಕುಂಕುಮ ಇಟ್ಟು, ಅಪ್ಪನನ್ನೂ ಮಾವನನ್ನೂ ನೆನೆದು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದೆ. ಹಿಂದಿನಿಂದ ಸಿಂಚನಾ "ಅಯ್ಯೋ ಅಜ್ಜೀ!" ಎಂದು ಚೀರಿದಳು. ನಾನು ಗಾಬರಿಯಿಂದ ಸೆರಗಿನ ಗಂಟು ತಡಕಿ ಕನ್ನಡಕ ತೆಗೆದು ಹಾಕಿಕೊಂಡು ಗೋಡೆ ನೋಡಿದೆ. ಮೂರೂ ಹಾರ ಒಂದೇ ಸಮನಾಗಿ ಇಳಿಬಿದ್ದಿದ್ದವು.

"ಏನೂ ಆಗಿಲ್ಲ ಕಣವ್ವ," ಎಂದೆ, "ಚೆನ್ನಾಗೇ ಇವ್ನಿ."