ಹನ್ನೊಂದು ಜನ, ಒಂದೇ ಹತ್ತನೇ ನಂಬರು

ಫುಟ್‌ಬಾಲ್ ಹುಚ್ಚು ಹಿಡಿದವರು ನಗುವಿಗಾಗಿ ಬೇರೆಲ್ಲೂ ಹೋಗಬೇಕಾಗಿಲ್ಲ, ತಂಡದ ಮಾಲೀಕರೇ ಆ ವ್ಯವಸ್ಥೆ ಮಾಡಿಕೊಡುತ್ತಾರೆ. 'ಇವರಿಗೆ ಆಟ ಬೇಡ, ಕಂಪ್ಯೂಟರ್ ಹೇಳಿದವರನ್ನೇ ತಂದು ನಿಲ್ಲಿಸ್ತಾರೆ' ಎಂದು ಟಿವಿ ಮುಂದೆ ಹಲ್ಲು ಕಡಿಯುವ ಈಗಿನ ಹುಡುಗರನ್ನು ಕಂಡರೆ ನನಗೆ ಮರುಕವೇನೂ ಹುಟ್ಟುವುದಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲೇ ನಾವು ದೆಹಲಿಯ ಓಖ್ಲಾದಲ್ಲಿ ಇದನ್ನೆಲ್ಲ ಅನುಭವಿಸಿ ಮುಗಿಸಿದ್ದೇವೆ.

ಶರ್ಟು ಬಂತು

ದೆಹಲಿಯಲ್ಲಿದ್ದ ನಮ್ಮ ಕನ್ನಡದವರ ತಂಡ ಕಟ್ಟಿದವರು ಕೊಡಗಿನ ಒಬ್ಬ ನಿವೃತ್ತ ಸುಬೇದಾರರು. ಅವರ ಊರಲ್ಲಿ ಎಲ್ಲರೂ ಹಾಕಿ ಹಿಡಿದರೆ, ಇವರು ಪಲ್ಟನ್ನಿನಲ್ಲಿ ಫುಟ್‌ಬಾಲ್ ಅಂಟಿಸಿಕೊಂಡು ಬಂದಿದ್ದರು. ಸಿದ್ಧ ಉಡುಪು ರಫ್ತು ಮಾಡುವ ಒಂದು ಕಾರ್ಖಾನೆಯಲ್ಲಿ ಅವರು ಸೆಕ್ಯುರಿಟಿ ಆಫೀಸರ್, ನಾನು ಶಿಪ್ಪಿಂಗ್ ಗುಮಾಸ್ತ. ಭಾನುವಾರ ಬಂತೆಂದರೆ ಅವರು ಗೋಲ್‌ಕೀಪರ್, ನಾನು ಗೋಲಿನ ಹಿಂದೆ ಬಿಸಿಲಿಗೆ ಕೂತು ಕಡಲೆಕಾಯಿ ಸುಲಿಯುತ್ತ ಕೂಗುವವನು.

ಅಲ್ಲಿಯವರೆಗೆ ನಮ್ಮವರು ಬಣ್ಣಬಣ್ಣದ ಬನಿಯನ್ನಿನಲ್ಲೇ ಆಡುತ್ತಿದ್ದರು. 'ಇನ್ನು ತಂಡ ನನ್ನದು, ಶರ್ಟು ನಾನೇ ಕೊಡ್ತೀನಿ' ಎಂದು ಕಾರ್ಖಾನೆಯ ಮಾಲೀಕರು ಹೇಳಿಕಳಿಸಿದಾಗ ಹಿರಿಹಿರಿ ಹಿಗ್ಗಿದೆವು. ಪೆಟ್ಟಿಗೆ ಬಂತು. ಹಳದಿ ಶರ್ಟು, ಎದೆಯ ಮೇಲೆ ಅಂಗೈಯಗಲದ ಕಂಪನಿ ಲೋಗೋ. ಬೆನ್ನು ತಿರುಗಿಸಿದರೆ ಎಲ್ಲದರ ಮೇಲೂ ಹತ್ತು. ವಿದೇಶದವರು ಯಾರೋ ಹತ್ತನೇ ನಂಬರಿನ ಶರ್ಟು ಕೇಳಿ, ಆಮೇಲೆ ಬೇಡವೆಂದು ಬಿಟ್ಟ ಮಾಲಂತೆ ಅದು.

ಮಾಲೀಕರು ಫೋಟೋಗ್ರಾಫರ್ ಜೊತೆ ಬಂದರು, ಎದುರಿನಿಂದ ಒಂದು ಫೋಟೋ ತೆಗೆಸಿಕೊಂಡರು, ಆಟ ಶುರುವಾಗುವ ಮೊದಲೇ ಕಾರು ಹತ್ತಿದರು. ಬೆನ್ನು ನೋಡಲೇ ಇಲ್ಲ. ನಮ್ಮ ಫಾರ್ವರ್ಡ್ ಆಟಗಾರ ಬೆಂಗಳೂರಿನ ಆಸ್ಟಿನ್ ಟೌನಿನವನು, ನೋಯ್ಡಾದಲ್ಲಿ ಸಾಫ್ಟ್‌ವೇರ್ ಕೆಲಸ. ಚಿಕ್ಕಂದಿನಿಂದ ತನಗೆ ಒಂಬತ್ತೇ ನಂಬರು ಎಂದು ಅವನು ಕಾರ್ಖಾನೆಯ ಸ್ಟೋರಿನವನ ಹತ್ತಿರ ಗೋಗರೆದ.

"ಒಂಬತ್ತು ಬೇಕಾದ್ರೆ ಅದರ ಆರ್ಡರ್ ಕ್ಯಾನ್ಸಲ್ ಆಗೋವರೆಗೂ ಕಾಯಿ" ಎಂದ ಸ್ಟೋರಿನವನು.

ಸುಬೇದಾರರು ಮಾತ್ರ ತಮ್ಮ ಹಳೆಯ ಪಲ್ಟನ್ನಿನ ಶರ್ಟನ್ನೇ ಹಾಕಿಕೊಂಡರು. ಅದರ ಬೆನ್ನ ಮೇಲೆ ಒಂದು ಎಂದಿತ್ತು.

ಸಾಧುಪ್ರಾಣಿಗೆ ಕೆಂಪು ಚೀಟಿ

ನಮ್ಮ ಎಡಗಡೆಯ ಬ್ಯಾಕ್ ಒಬ್ಬ ಬ್ಯಾಂಕಿನವರು. ಎದುರಾಳಿ ಅವರ ಕಾಲು ತುಳಿದರೂ 'ಸಾರಿ' ಎನ್ನುತ್ತಿದ್ದವರು ಅವರೇ. ಒಂದು ಭಾನುವಾರ ನಮ್ಮ ಫಾರ್ವರ್ಡ್ ಯಾರನ್ನೋ ಕೆಡವಿ ಹಳದಿ ಚೀಟಿ ತಿಂದ. ರೆಫರಿ ಬರೆದುಕೊಂಡರು: ನಂಬರ್ ಹತ್ತು. ಅರ್ಧ ಗಂಟೆಯ ಮೇಲೆ ಬ್ಯಾಂಕಿನವರ ಕೈಗೆ ಚೆಂಡು ತಾಕಿತು. ರೆಫರಿ ಮತ್ತೊಂದು ಹಳದಿ ತೆಗೆದರು, ಪುಸ್ತಕ ನೋಡಿದರು, 'ನಂಬರ್ ಹತ್ತು, ನಿನಗಿದು ಎರಡನೇದು' ಎಂದು ಕೆಂಪು ತೋರಿಸಿಯೇಬಿಟ್ಟರು. ಸುಬೇದಾರರು ಗೋಲು ಬಿಟ್ಟು ಓಡಿಬಂದು ವಾದಿಸಿದರು. ಬರೆದದ್ದು ಬರೆದಾಯಿತು ಎಂದರು ರೆಫರಿ.

"ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ನನಗೆ ಒಂದೇ ಒಂದು ಮೆಮೋ ಬಂದಿಲ್ಲ ಕಣ್ರೀ" ಎಂದು ಬ್ಯಾಂಕಿನವರು ನನ್ನ ಪಕ್ಕ ಕುಸಿದು ಕೂತರು.

ಸುದ್ದಿ ಮನೆ ತಲುಪಿತು. ಹೊಡೆದಾಡಿ ಹೊರಬಿದ್ದರೆಂದು ಕೇಳಿ ಅವರ ಹೆಂಡತಿ ಆ ವಾರವೆಲ್ಲ ಅವರನ್ನು ಸ್ವಲ್ಪ ಮರ್ಯಾದೆಯಿಂದಲೇ ಮಾತಾಡಿಸಿದರಂತೆ.

ಎಣಿಸುವವನು

ಅಷ್ಟರಲ್ಲಿ ಮಾಲೀಕರ ಸೋದರಳಿಯ ಮ್ಯಾನೇಜ್‌ಮೆಂಟ್ ಓದು ಮುಗಿಸಿ ಲ್ಯಾಪ್‌ಟಾಪ್ ಸಮೇತ ಬಂದಿಳಿದ. ತಂಡವನ್ನು ಅಂಕಿಅಂಶದ ಮೇಲೆ ಕಟ್ಟಬೇಕು ಎಂದ. ಅವನಿದ್ದದ್ದು ಗ್ರೇಟರ್ ನೋಯ್ಡಾದಲ್ಲಿ, ಭಾನುವಾರ ಅಷ್ಟು ದೂರ ಬರಲು ಸಾಧ್ಯವಿಲ್ಲವೆಂದು ಕಾರ್ಖಾನೆಯ ಒಬ್ಬ ಚೆಕ್ಕರನ್ನು ಮೈದಾನಕ್ಕೆ ಕಳಿಸಿದ. ಹೊಲಿದ ಶರ್ಟಿನಲ್ಲಿ ತಪ್ಪು ಹುಡುಕಿ ಅಲ್ಲೊಂದು ಕೆಂಪು ಸ್ಟಿಕ್ಕರ್ ಅಂಟಿಸುವುದು ಈ ಚೆಕ್ಕರನ ಕೆಲಸ. ಈಗ ಅವನು ಸ್ಟೂಲಿನ ಮೇಲೆ ಕೂತು, ಯಾವ ನಂಬರಿನವನು ಎಷ್ಟು ಸಲ ಚೆಂಡು ಮುಟ್ಟಿದ, ಎಷ್ಟು ತಪ್ಪು ಮಾಡಿದ ಎಂದು ಗೀಟು ಹಾಕತೊಡಗಿದ. ಪಟ್ಟಿಯಲ್ಲಿ ಹೆಸರಿಗೆ ಜಾಗವೇ ಇರಲಿಲ್ಲ. ಎಲ್ಲರದೂ ಹತ್ತೇ ಅಲ್ಲವೇ ಭಯ್ಯಾ ಎಂದು ಕೇಳಿದೆ. ತನಗೆ ಹೇಳಿರುವುದು ಎಣಿಸಲು, ಯೋಚಿಸಲು ಅಲ್ಲ ಎಂದ.

ಒಂದು ದಿನ ನಮ್ಮ ಫಾರ್ವರ್ಡ್ ತೆರೆದ ಗೋಲನ್ನು ತಪ್ಪಿಸಿದ. ವಿರಾಮದಲ್ಲಿ ನೀರು ಕುಡಿಯಲು ಬಂದಾಗ ಚೆಕ್ಕರ್ ಎದ್ದುಹೋಗಿ, ಅಭ್ಯಾಸಬಲದಿಂದ, ಅವನ ಬಲ ಮೊಣಕಾಲಿಗೆ ಒಂದು ಕೆಂಪು ಸ್ಟಿಕ್ಕರ್ ಅಂಟಿಸಿದ.

"ನನ್ನನ್ನ ರಿಪೇರಿಗೆ ಕಳಿಸ್ತೀಯೋ, ರಿಜೆಕ್ಟೋ?" ಎಂದು ಕೇಳಿದ ಹುಡುಗ.

ಚೆಕ್ಕರ್ ನಗಲಿಲ್ಲ. ಸೆಕೆಂಡ್ ಹಾಫ್ ನೋಡಿ ಹೇಳುತ್ತೇನೆ ಎಂದ.

ಪಟ್ಟಿ ಹೇಳಿದ್ದು

ಇದು ನಗುವ ಪ್ರಸಂಗವಲ್ಲ, ಆದರೂ ಹೇಳಲೇಬೇಕು. ಜನವರಿಯಲ್ಲಿ ಸೋದರಳಿಯ ಸುಬೇದಾರರನ್ನೂ ನನ್ನನ್ನೂ ಆಫೀಸಿಗೆ ಕರೆಸಿದ. ಹತ್ತನೇ ನಂಬರಿನವನು ಅದ್ಭುತ ಎಂದ. ಎಡಗಡೆಯೂ ಅವನೇ, ಬಲಗಡೆಯೂ ಅವನೇ, ದಣಿವೆಂಬುದೇ ಇಲ್ಲ, ಇಂಥವನನ್ನು ಬಿಡಬಾರದು. ಆದರೆ ಈ ಒಂದನೇ ನಂಬರು ನಿಂತಲ್ಲೇ ನಿಲ್ಲುತ್ತಾನೆ, ಚೆಂಡು ಮುಟ್ಟುವುದೇ ಅಪರೂಪ. ಮುಂದಿನ ಭಾನುವಾರದಿಂದ ಒಂದನೇ ನಂಬರು ಬೇಡ.

ಆ ಒಂದನೇ ನಂಬರು ಎದುರಿಗೇ ಕೂತಿದ್ದರು. ಮಾರ್ಚಿನಲ್ಲಿ ಕೆಲಸ ಬಿಟ್ಟು ಊರಿಗೆ ಹೊರಡುವವರು, ಆ ಚಳಿಗಾಲದ ಕೊನೆಯ ಪಂದ್ಯದವರೆಗೆ ಗೋಲಿನಲ್ಲಿ ನಿಲ್ಲಬೇಕೆಂಬುದೊಂದೇ ಅವರ ಆಸೆ. ಅವರು ಕೂಗಿ ಕೂಗಿ ಬ್ಯಾಕುಗಳನ್ನು ಸರಿಯಾದ ಜಾಗಕ್ಕೆ ಅಟ್ಟುತ್ತಿದ್ದುದರಿಂದಲೇ ಚೆಂಡು ಅವರವರೆಗೆ ಬರುತ್ತಿರಲಿಲ್ಲ. ಕೂಗಿಗೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಹತ್ತನೇ ನಂಬರು ಒಬ್ಬನಲ್ಲ ಎನ್ನಲು ಬಾಯಿ ತೆರೆದೆ, ಸುಬೇದಾರರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಹೊರಗೆ ಬಂದಮೇಲೆ ಹೇಳಿದರು: "ಗೊತ್ತಾದ್ರೆ ಒಬ್ಬೊಬ್ಬರನ್ನೇ ತೂಗ್ತಾರೆ. ಐದು ಹುಡುಗರು ಮನೆಗೆ ಹೋಗ್ತಾರೆ. ನಾನೊಬ್ಬ ಹೋದ್ರೆ ಮುಗೀತಲ್ಲ."

ಆ ರಾತ್ರಿ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಫುಟ್‌ಬಾಲ್ ಬಗ್ಗೆ ಏನೂ ತಿಳಿಯದ, ಚಳಿಗಾಲದ ಬಿಸಿಲಿಗಾಗಿ ಮಾತ್ರ ಮೈದಾನಕ್ಕೆ ಬಂದು ಸ್ವೆಟರ್ ಹೆಣೆಯುತ್ತಿದ್ದ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡಳು.

"ಒಂದು ಬೇಡ ಅಂದ್ರು ತಾನೇ? ಅವರಿಗೂ ಹತ್ತು ಹಾಕಿ" ಎಂದಳು.

ಹತ್ತನೇ ನಂಬರಿಗೆ ಕಪ್

ಗೋಲ್‌ಕೀಪರನ ಶರ್ಟು ಬೇರೆ ಬಣ್ಣದ್ದಿರಬೇಕು. ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಮಾಸ್ತರರು ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಹಳದಿಯನ್ನು ಅದ್ದಿ ಕಂದು ಮಾಡಿಕೊಟ್ಟರು. ಸುಬೇದಾರರು ಕೊನೆಯ ಪಂದ್ಯದವರೆಗೂ ಅದನ್ನೇ ತೊಟ್ಟು ನಿಂತರು. ಬೆವರಿಗೆ ಅದರ ಬಣ್ಣ ಬಿಟ್ಟು ಅವರ ಕುತ್ತಿಗೆ ವಾರವಿಡೀ ಕಂದಾಗಿರುತ್ತಿತ್ತು. ಗೋಲಿನ ಹಿಂದೆ ಕೂತು ಅವರ ಕೂಗು ಕೇಳಿದ ಆ ಬಿಸಿಲಿನ ಭಾನುವಾರಗಳು ನನಗೆ ಮತ್ತೆ ಸಿಗಲಿಲ್ಲ.

ಅವರು ಊರಿಗೆ ಹೊರಡುವ ವಾರದಲ್ಲೇ ಕಾರ್ಖಾನೆಯ ವಾರ್ಷಿಕೋತ್ಸವ ಬಂತು. ವೇದಿಕೆಯಲ್ಲಿ ಮಾಲೀಕರು, ಪಕ್ಕದಲ್ಲಿ ಪಟ್ಟಿ ಹಿಡಿದ ಸೋದರಳಿಯ. ಗೋಲು ಹೊಡೆಯುವುದೂ ಅವನೇ, ಈಚೆಗೆ ಗೋಲು ತಡೆಯುವುದೂ ಅವನೇ ಎಂದು ಹೊಗಳಿ, ವರ್ಷದ ಶ್ರೇಷ್ಠ ಆಟಗಾರ ಹತ್ತನೇ ನಂಬರು, ಬಂದು ಕಪ್ ತೆಗೆದುಕೊಳ್ಳಲಿ ಎಂದರು ಮಾಲೀಕರು.

ತಂಡದ ಶರ್ಟು ತೊಟ್ಟ ಹನ್ನೊಂದು ಜನ ಎದ್ದರು. ಸುಬೇದಾರರು ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಲೆಫ್ಟ್ ರೈಟ್ ಹೇಳುತ್ತ ವೇದಿಕೆಗೆ ನಡೆಸಿದರು. ಅಲ್ಲಿ 'ಪೀಛೇ ಮುಡ್' ಎಂದರು. ಹನ್ನೊಂದು ಬೆನ್ನುಗಳು ಮಾಲೀಕರ ಕಡೆ ತಿರುಗಿದವು. ಮಾಲೀಕರು ಸೋದರಳಿಯನನ್ನು ನೋಡಿದರು, ಸೋದರಳಿಯ ಪಟ್ಟಿ ನೋಡಿದ. ಆ ಕ್ಷಣ ತಂಡದ ಜೊತೆ ನನ್ನ ನೌಕರಿಯೂ ಹೋಯಿತೆಂದುಕೊಂಡೆ.

"ಇವರಲ್ಲಿ ಹತ್ತನೇ ನಂಬರು ಯಾರು?" ಎಂದು ಕೇಳಿದರು ಮಾಲೀಕರು.

ಸುಬೇದಾರರು ತಿರುಗಿ ಸೆಲ್ಯೂಟ್ ಹೊಡೆದರು. "ಎಲ್ಲರೂ ಸಾಬ್. ಶಿಫ್ಟ್ ಮೇಲೆ ಮಾಡ್ತೀವಿ."

ಮಾಲೀಕರು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಎಣಿಸಿದರು. ಆಮೇಲೆ ಕಪ್ ಅನ್ನು ಸುಬೇದಾರರ ಕೈಗೇ ಕೊಟ್ಟು ಹೇಳಿದರು:

"ಅಚ್ಛಾ. ಯಾರೂ ಓವರ್‌ಟೈಮ್ ಮಾತ್ರ ಕೇಳಬಾರದು."