ಇಲಿಗಳ ಪಂಕ್ತಿ

ಬೆಳಗಾವಿಯ ಔಷಧ ಕಾಲೇಜಿನಲ್ಲಿ ಅಂದು ಬೆಳಿಗ್ಗೆ ಓಂಕಾರನ ಎದೆ ಒಡೆದದ್ದು ಇಲಿಗಳ ಆರೋಗ್ಯ ಕಂಡು. ಮೇಲಿನ ಸಾಲಿನ ಪಂಜರದವು ಇಷ್ಟೊತ್ತಿಗೆ ಮೂತ್ರಪಿಂಡ ಕೆಟ್ಟು ಮುದುಡಿ ಕೂರಬೇಕಿತ್ತು. ಅವೋ, ಬೀಗರೂಟ ಮುಗಿಸಿದ ಗೌಡರಂತೆ ಹೊಟ್ಟೆ ಸವರಿಕೊಳ್ಳುತ್ತಿದ್ದವು.

ಅವನ ಪಿಎಚ್‌ಡಿಯ ತಿರುಳು ಇಷ್ಟೇ: ಸೋಂಕಿಗೆ ಕೊಡುವ ಒಂದು ಸೂಜಿಮದ್ದು ಮೂತ್ರಪಿಂಡ ಕೆಡಿಸುತ್ತದೆ, ನೆಗ್ಗಿನಮುಳ್ಳಿನ ಕಷಾಯ ಅದನ್ನು ಕಾಯುತ್ತದೆ. ಮೇಲಿನ ಸಾಲಿಗೆ ಬರೀ ಸೂಜಿ, ಕೆಳಗಿನ ಸಾಲಿಗೆ ಸೂಜಿಯ ಜೊತೆ ಕಷಾಯ. ಮೇಲಿನವು ಕೆಡದಿದ್ದರೆ ಕೆಳಗಿನವು ಉಳಿದವೆಂದು ತೋರಿಸುವುದು ಹೇಗೆ? ಖಾನಾಪುರದ ಹೊಲದ ಬದುಗಳಲ್ಲಿ ಆ ಮುಳ್ಳು ಆರಿಸಿ ಅವನ ಅಂಗಾಲು ಜರಡಿಯಾಗಿತ್ತು. ಮಧ್ಯಾಹ್ನ ಹೊರಗಿನ ಪರೀಕ್ಷಕರು ಬರುವವರಿದ್ದರು.

ರಕ್ತದ ವರದಿ ಬಂತು. ಎರಡೂ ಸಾಲು ಸಮಸಮ ಗಟ್ಟಿ.

ಇಲಿಗಳಿಗೆ ಊಟ, ಕಷಾಯ ಹಾಕುವವಳು ಕಾಶವ್ವ. ಓಂಕಾರ ಅವಳತ್ತ ಓಡಿದ.

"ಯವ್ವಾ, ಕಷಾಯ ಯಾರ್‍ಯಾರಿಗೆ ಹಾಕಿದಿ?"

"ಇದ್ದಷ್ಟನ್ನ ಎಲ್ಲಾರಿಗೂ ಸಮ ಹಂಚೀನಿ. ಕೆಳಗಿನವ್ರಿಗೆ ಔಷಧ, ಮ್ಯಾಲಿನವ್ರಿಗೆ ಬರೇ ನೀರು ಅಂದ್ರ ಪಂಕ್ತಿಭೇದ ಅಲ್ಲೇನೋ ತಮ್ಮಾ? ನನಗ ಬ್ಯಾರೆ ಕುಂದರಿಸಿ ನೀಡಿದವ್ರ ಎಲಿ ಒದ್ದು ಎದ್ದ ಬಂದಾಕಿ ನಾನು. ನನ್ನ ಕೈಲೆ ಇಂಥಾ ಪಾಪ ಮಾಡಸ್ತೀಯೇನು?"

"ಅವು ಇಲಿ ಅದಾವಬೇ!"

"ಇಲಿಗೇನು ಜೀಂವಾ ಇಲ್ಲೇನು?"

"ನಿನಗ ಜ್ವರಾ ಬಂದಾವು ಅಂತ ಹೇಳಿ ಅನಗೋಳದ ಬಸ್ ಹತ್ತಿ ಮನಿಗೆ ಹೋಗಿಬಿಡೋ," ಎಂದು ಗೆಳೆಯ ಸಂಜಯ ಉಪಾಯ ಹೇಳಿದ.

ಅಷ್ಟರಲ್ಲಿ ಓಂಕಾರನ ಗೈಡ್ ಪ್ರಮಿಳಾ ಮೇಡಂ ಬಂದರು. ವಿಷಯ ಕೇಳಿ ಮೊದಲು ಗುಡುಗಿದರು. ಆಮೇಲೆ ಅವರ ಕಣ್ಣು ಹೊಳೆಯಿತು.

"ಓಂಕಾರ, ಒಂದು ಸಾಲಿನ ಕಷಾಯ ಎರಡು ಸಾಲಿಗೆ ಹಂಚಿದ್ರೂ ಎಲ್ಲಾವೂ ಉಳದಾವು. ಅಂದ್ರ ಅರ್ಧಾ ಪ್ರಮಾಣನs ಸಾಕು! ಇದs ನಿನ್ನ ಶೋಧನೆ."

ಮಧ್ಯಾಹ್ನ ಬಂದ ಪರೀಕ್ಷಕರು ಈ ಶೋಧನೆಗೆ ತಲೆದೂಗಿದರು. ಮೇಡಂ ಬಾಯಿ ಸಿಹಿ ಮಾಡಲು ಕುಂದಾ ತರಿಸಿದರು. ಕಾಶವ್ವ ಅದನ್ನೂ ಎಲ್ಲರಿಗೂ ಸಮನಾಗಿ ಹಂಚಿದಳು. ಇಲಿಗಳಿಗೆ ದಿನಾ ಸೂಜಿ ಹಾಕುವ ಸಮದ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತ.

"ತಗೋರಿ ಸಮದಭಾಯ್, ನಿಮ್ಮ ದುಡಿಮಿನೂ ಐತಿ ಇದರಾಗ," ಎಂದರು ಮೇಡಂ.

"ಬ್ಯಾಡ್ರಿ ಮೇಡಂ. ನನ್ನ ದುಡಿಮಿ ಏನೂ ಇಲ್ರಿ." ಸಮದ ನೆಲ ನೋಡಿದ. "ನಮ್ಮ ಅಮ್ಮೀ ಕಿಡ್ನಿ ಇಂಥಾ ಔಷಧದಿಂದನs ಹೋಗ್ಯಾವ್ರಿ. ನನಗ ಕೈ ಬರಲಿಲ್ಲ. ದಿನಾ ಬರೇ ಉಪ್ಪುನೀರು ಚುಚ್ಚೀನ್ರಿ."

ಪರೀಕ್ಷಕರ ಬಾಯಲ್ಲಿ ಕುಂದಾ ಅಲ್ಲೇ ನಿಂತಿತು.

"ಅಂದ್ರ ಈ ಕಷಾಯ ಯಾವ ರೋಗದಿಂದ ಯಾರನ್ನ ಉಳಿಸ್ತು?" ಎಂದವರೇ ಚೀಲ ಎತ್ತಿಕೊಂಡು ಹೊರಟರು.

"ಮೊದಲಿಂದ ಮಾಡು!" ಮೇಡಂ ಓಂಕಾರನಿಗೆ ಬೆರಳು ತೋರಿದರು. "ಇನ್ನ ಸೂಜಿನೂ ನೀನs, ಕಷಾಯನೂ ನೀನs. ಈಗಿಂದೀಗ!"

ಹೊರನಡೆದ ಮೇಡಂ ಹಿಂದೆ ಬಾಗಿಲು ದಡಾರನೆ ಮುಚ್ಚಿತು. ಓಂಕಾರ ಹಲ್ಲು ಕಚ್ಚಿ ಸೂಜಿಗೆ ಮದ್ದು ತುಂಬಿದ, ಮೇಲಿನ ಸಾಲಿನ ಒಂದು ಇಲಿಯನ್ನು ಅಂಗೈಗೆ ತೆಗೆದುಕೊಂಡ. ಅದು ಅವನ ಹೆಬ್ಬೆರಳಿಗೆ ಎರಡೂ ಪುಟ್ಟ ಕೈ ಊರಿ, ಒಮ್ಮೆ ಆಕಳಿಸಿ, ಅಲ್ಲೇ ನಿದ್ದೆಹೋಯಿತು.

ಓಂಕಾರ ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ.

"ಸಮದಭಾಯ್, ಆ ಉಪ್ಪುನೀರಿನ ಬಾಟ್ಲಿ ಎಲ್ಲೈತ್ರಿ?"